ಅಲಗನ್ನು ಹೊರುವ ಹಿಡಿ

ಸಾವನದುರ್ಗದ ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಗುಡಿಯಿದೆ. ಬಿಲ್ಲು, ಬಾಣ, ಗುರಾಣಿಗಳ ಜೊತೆ ವೀರಭದ್ರನ ಕೈಗೆ ಕತ್ತಿಯೂ ಬೇಕೇ ಬೇಕು. ಮೇಲಿನ ಕೋಟೆ ಕಂಡ ಕತ್ತಿಗಳಿಗಂತೂ ಲೆಕ್ಕವಿಲ್ಲ. ಮಾಗಡಿ ಕೆಂಪೇಗೌಡರ ಮನೆತನದಿಂದ ಅದು 1728ರಲ್ಲಿ ಮೈಸೂರಿಗೆ ಸೇರಿತು, 1791ರ ಡಿಸೆಂಬರಿನಲ್ಲಿ ಟಿಪ್ಪುವಿನ ಕಾವಲನ್ನು ಮುರಿದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಹತ್ತಿತು. ಕತ್ತಿಯೆಂದರೆ ನಾವು ಅಲಗಿನ ಮಾತನ್ನೇ ಆಡುತ್ತೇವೆ. ಹಿಡಿದವನ ಬೆರಳು ಉಳಿಸುತ್ತಿದ್ದ ಹಿಡಿಯ ಕೆಲಸಗಾರಿಕೆ ಅಲಗಿನಷ್ಟೇ ದೊಡ್ಡದು.

ಆ ಕಾಲದ ತಲವಾರಿನ ಹಿಡಿ ಸಾಮಾನ್ಯವಾಗಿ ಇಡಿಯಾಗಿ ಕಬ್ಬಿಣದ್ದು ಅಥವಾ ಉಕ್ಕಿನದು. ಅಲಗು ಶುರುವಾಗುವಲ್ಲಿ ಒಂದು ಅಡ್ಡಪಟ್ಟಿ. ಕೈ ಜಾರಿ ಅಲಗಿನ ಮೇಲೆ ಹೋಗದಂತೆ ಅದು ತಡೆಯುತ್ತದೆ. ಪಟ್ಟಿಯ ನಡುವಿನಿಂದ ಎರಡು ಚಿಕ್ಕ ನಾಲಗೆಗಳು ಅಲಗಿನ ಎರಡೂ ಮುಖಕ್ಕೆ ಇಳಿದು ಅದನ್ನು ಅಪ್ಪಿ ಹಿಡಿಯುತ್ತವೆ. ಕೆಲವದರಲ್ಲಿ ಬೆರಳ ಗೆಣ್ಣುಗಳ ಮುಂದೆ ಬಾಗಿದ ಕಮಾನೂ ಉಂಟು. ಹಿಡಿಯ ತಲೆಯಲ್ಲಿರುವ ಅಗಲವಾದ ಬಿಲ್ಲೆಯನ್ನು ನೋಡಿದವರು ಅಲಂಕಾರವೆಂದುಕೊಳ್ಳುತ್ತಾರೆ. ಅದು ಮಣಿಕಟ್ಟಿಗೆ ತಾಗಿ, ಕೈಯನ್ನು ಮಣಿಕಟ್ಟಿನಲ್ಲಿ ಹೆಚ್ಚು ತಿರುಗಲು ಬಿಡುವುದಿಲ್ಲ. ಹೀಗಾಗಿ ಹೊಡೆತ ಭುಜದಿಂದ, ಮೊಣಕೈಯಿಂದ ಬರಬೇಕು; ಬಾಗಿದ ಅಲಗು ಸೀಳುತ್ತಾ ಎಳೆದುಕೊಂಡು ಹೋಗಬೇಕು. ಹೇಗೆ ಹೊಡೆಯಬೇಕೆಂಬುದನ್ನು ಹಿಡಿಯೇ ಕೈಗೆ ಕಲಿಸುತ್ತಿತ್ತು.

ಇಷ್ಟೆಲ್ಲ ಬಲ ಹೊರುವ ಅಲಗನ್ನು ಹಿಡಿಗೆ ಕೂರಿಸುತ್ತಿದ್ದುದು ಅರಗು! ಅಲಗಿನ ಬಾಲ ಗಿಡ್ಡ. ಟೊಳ್ಳು ಹಿಡಿಯೊಳಗೆ ಅರಗಿನ ಅಥವಾ ರಾಳದ ಅಂಟು ತುಂಬಿ, ಕಾಯಿಸಿದ ಬಾಲವನ್ನು ಒತ್ತಿ ಕೂರಿಸಿ, ನೇರ ನೋಡಿ ಆರಲು ಬಿಡುತ್ತಿದ್ದರು. ಆರಿದ ಮೇಲೆ ಅದು ಗಟ್ಟಿ. ಅಲಗು ಮುರಿದರೆ ಹಿಡಿಯನ್ನು ಬಿಸಿಮಾಡಿ ಕಿತ್ತು, ಹೊಸದನ್ನು ಹಾಕಬಹುದು. ಯುರೋಪಿನಿಂದ ಬಂದ ಅಲಗುಗಳು ದಖ್ಖನಿನ ಹಿಡಿಗಳಿಗೆ ಹೊಂದಿಕೊಂಡು 'ಫಿರಂಗಿ' ಕತ್ತಿಗಳಾದವು. ನನ್ನ ಮಟ್ಟಿಗೆ ಇಡೀ ಕಸುಬಿನ ಜಾಣತನ ಈ ಅಂಟಿನಲ್ಲಿದೆ. ಸಾವನದುರ್ಗಕ್ಕೆ ದೂರವೇನಲ್ಲದ ಚನ್ನಪಟ್ಟಣದಲ್ಲಿ ಆಲೆ ಮರದ ಗೊಂಬೆಗೆ ಬಣ್ಣ ಕೊಡುವುದೂ ಅರಗೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅದು ಕರಗಿ ಹತ್ತುತ್ತದೆ. ಬಿಸಿಗೆ ಸೋತು ತಂಪಿಗೆ ಬಿಗಿಯುವ ಒಂದೇ ಗುಣ ಎರಡೂ ಕಡೆ ದುಡಿದಿದೆ.

ಜಪಾನಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಕತ್ತಿಯನ್ನು ಎರಡೂ ಕೈಯಿಂದ ಹಿಡಿಯಬೇಕು, ಹಿಡಿ ಮರದ್ದು, ಉದ್ದ. ಅಲಗಿನ ಬಾಲವೂ ಉದ್ದ. ಅದನ್ನು ನಿಲ್ಲಿಸುವುದು ಅಡ್ಡಲಾಗಿ ತೂರಿಸಿದ ಬಿದಿರಿನ ಬೆಣೆ. ಕೈ ಕಾಯಲು 'ತ್ಸುಬಾ' ಎಂಬ ಬಿಡಿ ಬಿಲ್ಲೆ, ಅಗಲ ಹೆಚ್ಚೆಂದರೆ ಅಂಗೈಯಷ್ಟು. ನಡುವಿನ ಸೀಳಿನಲ್ಲಿ ಅಲಗು ತೂರುತ್ತದೆ. ಪಕ್ಕದ ತೂತುಗಳು ಒರೆಯಲ್ಲಿ ಸಿಕ್ಕಿಸಿಡುವ ಪುಟ್ಟ ಚಾಕುವಿಗೆ, ಕೂದಲ ಕಡ್ಡಿಗೆ. ಬಿಡಿಯಾದ್ದರಿಂದ ಒಂದೇ ಅಲಗಿಗೆ ಬೇರೆ ಬೇರೆ ತ್ಸುಬಾ ತೊಡಿಸಬಹುದು. ಕಬ್ಬಿಣವನ್ನು ಕೊರೆದು ಬೆಳಕು ಹಾಯುವಂತೆ ಮಾಡಿದ ತ್ಸುಬಾಗಳು ನನಗೆ ಚಿನ್ನದವಕ್ಕಿಂತ ಇಷ್ಟ. 1876ರಲ್ಲಿ ಕತ್ತಿ ಧರಿಸಿ ಓಡಾಡುವುದನ್ನು ಅಲ್ಲಿನ ಸರ್ಕಾರ ನಿಷೇಧಿಸಿದಾಗ ಈ ಕುಶಲಿಗರು ಹೂದಾನಿ, ಆಭರಣಗಳತ್ತ ಹೊರಳಬೇಕಾಯಿತು.

ಇಷ್ಟು ದೂರದ ಎರಡು ಕಸುಬುಗಳು ಚಿನ್ನ ಕೂರಿಸುವಲ್ಲಿ ಮಾತ್ರ ಒಂದೇ ಉಪಾಯ ಕಂಡುಕೊಂಡವು. ನಮ್ಮಲ್ಲಿ ಅದು ಕುಫ್ತಗಾರಿ. ಉಕ್ಕಿನ ಮೈಯನ್ನು ಅಡ್ಡ, ಉದ್ದ, ಓರೆಯಾಗಿ ಗೀರಿ ತರಿಯಾಗಿಸುತ್ತಾರೆ. ಅದರ ಮೇಲೆ ಚಿನ್ನದ ಎಳೆಯಿಟ್ಟು ಮೆಲ್ಲಗೆ ಬಡಿದರೆ ಮೆತ್ತನೆಯ ಚಿನ್ನ ಗೀರುಗಳೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಉಜ್ಜಿ ಮೆರುಗು. ಅಂಟೂ ಇಲ್ಲ, ಬೆಸುಗೆಯೂ ಇಲ್ಲ. ಟಿಪ್ಪುವಿನ ಕತ್ತಿಗಳಲ್ಲಿ ಹಿಡಿಯ ತಲೆ, ಅಡ್ಡಪಟ್ಟಿಯ ತುದಿಗಳೆಲ್ಲ ಹುಲಿಮುಖವಾದದ್ದು ಹೆಸರಾಗಿದೆ. ಆದರೆ 2023ರಲ್ಲಿ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹರಾಜಾದ ಅವನ ಮಲಗುವ ಕೋಣೆಯ ಕತ್ತಿಯ ಹಿಡಿಯಲ್ಲಿ ಮೆರೆಯುವುದು ಚಿನ್ನದಲ್ಲಿ ಬರೆದ ದೇವರ ನಾಮಗಳು. ವಸ್ತುಸಂಗ್ರಹಾಲಯದಲ್ಲಿ ಕುಫ್ತಗಾರಿಯ ಹಳೆಯ ಹಿಡಿ ಕಂಡರೆ ಚಿನ್ನ ಎದ್ದುಹೋದ ಜಾಗವನ್ನೇ ಹುಡುಕಿ ನೋಡಿ. ಉಳಿ ಗೀರಿದ ಆ ಸಣ್ಣ ಗೆರೆಗಳು ಎಷ್ಟು ಒತ್ತೊತ್ತಾಗಿವೆ ಎಂಬುದರಲ್ಲೇ ಕೆಲಸದವನ ಕೈ ತಿಳಿಯುತ್ತದೆ.