ಬಿಳಿ ಚೆಂಡು ಎಲ್ಲಿ ನಿಲ್ಲಬೇಕು?

ಚಚಡಿಯಲ್ಲಿ ಕೇರಂ ಆಡಿ ಬೆಳೆದ ನನಗೆ ಪೂಲ್ ಟೇಬಲ್ ಮೊದಲು ಸುಲಭ ಎನಿಸಿತ್ತು. ಕೋನ ಅಳೆಯುವ ಕಣ್ಣು ಹೇಗೂ ಇದೆಯಲ್ಲ! ಆದರೆ ಕೇರಂನಲ್ಲಿ ಸ್ಟ್ರೈಕರ್ ಪ್ರತಿ ಸಲ ಕೈಗೆ ವಾಪಸ್ ಬರುತ್ತದೆ. ಪೂಲ್‌ನಲ್ಲಿ ಬಿಳಿ ಚೆಂಡು ನಿಂತಲ್ಲಿಂದಲೇ ಮುಂದಿನ ಹೊಡೆತ. ಆಟವೆಲ್ಲ ಇರುವುದು ಇದರಲ್ಲೇ.

ಓದಲು ಬೆಳಗಾವಿಗೆ ಬಂದ ಮೇಲೆ ನಾನು, ರೂಮ್‌ಮೇಟ್ ಇಬ್ಬರೂ ಸ್ಟ್ರೈಟ್ ಪೂಲ್‌ಗೆ ಅಂಟಿಕೊಂಡೆವು. 15 ಚೆಂಡುಗಳಲ್ಲಿ ಯಾವುದನ್ನಾದರೂ ಹೊಡೆಯಬಹುದು. ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಬೇಕು. ಒಂದಕ್ಕೆ ಒಂದು ಅಂಕ. 14 ಹೋದ ಮೇಲೆ ಉಳಿದ ಒಂದನ್ನು ಇದ್ದಲ್ಲೇ ಬಿಟ್ಟು, ಆ 14ನ್ನೂ ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ. ಒಂಟಿ ಚೆಂಡನ್ನು ಪಾಕೆಟ್‌ಗೆ ಕಳಿಸುತ್ತಲೇ ಬಿಳಿ ಚೆಂಡು ಹೋಗಿ ಆ ಗುಂಪನ್ನು ಒಡೆಯಬೇಕು. ತಪ್ಪುವವರೆಗೂ ಆಟ ನಿಮ್ಮದೇ. ಅಮೆರಿಕದ ವಿಲ್ಲಿ ಮೊಸ್ಕೋನಿ 1954ರಲ್ಲಿ ಸತತ 526 ಚೆಂಡು ಹಾಕಿದ್ದರು. 2019ರಲ್ಲಿ ಜಾನ್ ಶ್ಮಿಟ್ 626 ಹಾಕಿದರು. ನನ್ನದು 17. ನಗಬೇಡಿ, ಒಂದು ಸಲ ಗುಂಪು ಒಡೆದು ಮುಂದೆ ಹೋಗಿದ್ದೇನೆ ಎಂದರ್ಥ!

ಬಿಳಿ ಚೆಂಡಿನ ನಡುವಿಗಿಂತ ಮೇಲೆ ಹೊಡೆದರೆ ಅದು ಮುಂದಿನ ಚೆಂಡನ್ನು ಹಿಂಬಾಲಿಸುತ್ತದೆ, ಕೆಳಗೆ ಹೊಡೆದರೆ ಹಿಂದಕ್ಕೆ ಬರುತ್ತದೆ. ಉರುಳದೆ ಜಾರುತ್ತಾ ಹೋಗಿ ನೇರವಾಗಿ ತಾಗಿದರೆ ಅಲ್ಲೇ ನಿಲ್ಲುತ್ತದೆ. ಇಷ್ಟನ್ನು ಕೈಗೆ ಕಲಿಸುವುದಕ್ಕೇ ನನಗೆ ತಿಂಗಳುಗಳು ಹಿಡಿದವು. ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್ ಆಡುವ ವಿಡಿಯೊ ನೋಡಿ. ಅದು ಬೇರೆ ಆಟ, ನಿಜ. ಆದರೆ ಚೆಂಡುಗಳು ಹೇಳಿದಂತೆ ಗೇಣು, ಎರಡು ಗೇಣು ಸರಿಯುತ್ತವೆ, ಅಬ್ಬರವೇ ಇಲ್ಲ. ನಮ್ಮ ಪಾರ್ಲರ್‌ನಲ್ಲಿ ಚಪ್ಪಾಳೆ ಬೀಳುವುದು ಮೂಲೆಯಿಂದ ಮೂಲೆಗೆ ಹೊಡೆದಾಗ. ನನಗಂತೂ ಅಂಥ ಹೊಡೆತ ಕಂಡರೆ, ಹಿಂದಿನ ಹೊಡೆತ ಕೆಟ್ಟಿತ್ತು ಎಂದೇ ಅನಿಸುತ್ತದೆ.

ಅಪ್ಪನಿಗೆ ಪೂಲ್ ಪಾರ್ಲರ್ ಎಂದರೆ ಇಸ್ಪೀಟು ಅಡ್ಡೆ. ಗಂಟೆ ಲೆಕ್ಕದ ಬಾಡಿಗೆ ಬೇರೆ. "ಗುಂಡ ಹೊಡ್ಯಾಕ ರೊಕ್ಕ ಕೊಡಬೇಕೇನೋ ತಮ್ಮಾ? ಇನ್ನ ಬಿಟ್ಟಬಿಡು" ಅಂದುಬಿಟ್ಟಿದ್ದ. ಕಳೆದ ರಜೆಗೆ ಊರಿಗೆ ಹೋದಾಗ ಹಾಳೆಯ ಮೇಲೆ ಟೇಬಲ್ ಬರೆದು ತೋರಿಸಿದೆ. ಕೊನೆಗೆ ಉಳಿಯಬೇಕಾದ ಚೆಂಡು ತ್ರಿಕೋನದ ಪಕ್ಕದಲ್ಲೇ ಇರಬೇಕು. ಅದಕ್ಕೂ ಮುಂಚಿನದನ್ನು ಹಾಕಿದಾಗ ಬಿಳಿ ಚೆಂಡು ಸರಿಯಾದ ಕೋನದಲ್ಲಿ ನಿಲ್ಲಬೇಕು. ಅದಕ್ಕೆ ಅದರ ಹಿಂದಿನದು ಯಾವುದು? ಹೀಗೆ ಲೆಕ್ಕ ಕೊನೆಯಿಂದ ಶುರುವಾಗುತ್ತದೆ.

ಅಪ್ಪ ಹಾಳೆಯನ್ನು ತಿರುಗಿಸಿ ನೋಡಿದ. "ಕೂರಿಗಿ ಹೂಡಿದಾಗ ನಾವೂ ಹಂಗ ಅಲ್ಲೇನೋ? ಕೊನೀ ಸಾಲು ದಾರಿ ಕಡೆ ಬರಬೇಕು. ಇಲ್ಲಂದ್ರ ಬಿತ್ತಿದ್ದನ್ನ ತುಳಕೋತ ಎತ್ತು ಹೊರಗ ಬರ್ತಾವ" ಅಂದ. ಆಮೇಲೆ ಕೇಳಿದ, "ಕೊನೀದು ಯಾವುದಂತ ಯಾವಾಗ ಗೊತ್ತು ಮಾಡ್ತಿ?"

"ಐದಾರು ಉಳಿದಾಗ."

"ತಡ ಆತು."

ವಾರಕ್ಕೆ ಒಂದು ಗಂಟೆಗೆ ಒಪ್ಪಿಗೆ ಸಿಕ್ಕಿದೆ. ರೂಮ್‌ಮೇಟ್‌ನ ಓಟ ಈಗ 22ಕ್ಕೆ ನಿಂತಿದೆ. ಭಾನುವಾರ ನನ್ನ ಸರದಿ.