ಬಾಡಿಗೆ ಮನೆ: ಮುಂಗಡ ಕೊಡುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಹಿಡಿದು ನೋಡು ಎನ್ನಲಿಲ್ಲ. ಈಗಿನ ಬೆಂಗಳೂರನ್ನು ಕಂಡಿದ್ದರೆ ಅದನ್ನೂ ಸೇರಿಸುತ್ತಿದ್ದರೇನೋ. ಕಾಲೇಜು ಪ್ರವೇಶ ಮುಗಿಯುವ ಹೊತ್ತಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ಹುಡುಕುತ್ತ ಬೀದಿ ಬೀದಿ ಅಲೆಯುವ ಪೋಷಕರಿಗೆ ಇಲ್ಲಿ ಕೊರತೆಯಿಲ್ಲ. ಹಾಸ್ಟೆಲ್ ಸಿಗದವರು, ಗೆಳೆಯರೊಂದಿಗೆ ಸೇರಿ ಅಡುಗೆ ಮಾಡಿಕೊಳ್ಳುವವರು, ಮಕ್ಕಳ ಓದಿಗಾಗಿ ಊರು ಬಿಟ್ಟು ಬರುವ ತಾಯಂದಿರು, ಎಲ್ಲರಿಗೂ ಬೇಕಾದದ್ದು ಒಂದು ಸೂರು.

ಇವರು ಚೌಕಾಸಿ ಮಾಡುವುದು ಬಾಡಿಗೆಯ ಬಗ್ಗೆ. ದೊಡ್ಡ ಮೊತ್ತ ಸಿಕ್ಕಿಕೊಳ್ಳುವುದು ಮಾತ್ರ ಮುಂಗಡದಲ್ಲಿ.

ಹತ್ತು ತಿಂಗಳ ಗಂಟು

ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಈಗ ಕೆಲವರು ಐದಾರು ತಿಂಗಳಿಗೂ ಒಪ್ಪುತ್ತಾರೆ. ಬಾಡಿಗೆ 12 ಸಾವಿರವಾದರೆ ಹತ್ತು ತಿಂಗಳ ಲೆಕ್ಕದಲ್ಲಿ ಮುಂಗಡವೇ 1.20 ಲಕ್ಷ ರೂಪಾಯಿ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದು ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಅನ್ವಯ. ಹೀಗಾಗಿ ಬಾಡಿಗೆದಾರರ ಕೈಹಿಡಿಯುವುದು ಕರಾರು ಪತ್ರವೇ.

ಮುಂಗಡದ ಮೊತ್ತ, ಮನೆ ಬಿಟ್ಟ ಎಷ್ಟು ದಿನದೊಳಗೆ ಅದು ವಾಪಸು, ಸುಣ್ಣಬಣ್ಣಕ್ಕೆ ಎಷ್ಟು ಕಡಿತ, ಬಿಡುವ ಮೊದಲು ಎಷ್ಟು ತಿಂಗಳ ಸೂಚನೆ ಎಂಬ ನಾಲ್ಕು ಮಾತು ಅದರಲ್ಲಿ ಇರಲೇಬೇಕು. ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿ ಸಾಮಾನ್ಯ. ಹಣವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಫೋಟೊ ನೋಡಿ ‘ಟೋಕನ್’ ಕಳಿಸಬೇಡಿ. 18 ತುಂಬದವರು ಮಾಡಿದ ಕರಾರು ಕಾನೂನಿನಲ್ಲಿ ನಿಲ್ಲದು. ಪಿಯುಸಿ ವಿದ್ಯಾರ್ಥಿಗಳಿಗಾಗಿ ಹಿಡಿಯುವ ಮನೆಯ ಪತ್ರ ಪೋಷಕರ ಹೆಸರಿನಲ್ಲಿರಲಿ.

ಭೋಗ್ಯದ ಆಸೆ

ಹಲವು ಲಕ್ಷ ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಕೊನೆಗೆ ಪೂರ್ತಿ ಹಣ ವಾಪಸು ಪಡೆಯುವುದು ಭೋಗ್ಯ. ಓದು ಮುಗಿಯುವವರೆಗೂ ಖರ್ಚಿಲ್ಲ ಎಂದು ಪೋಷಕರಿಗೆ ಅನಿಸುವುದು ಸಹಜ. ಅಪಾಯವೂ ಇಲ್ಲೇ ಹೆಚ್ಚು. ಮಾಲೀಕರು ಆ ಮನೆಯ ಮೇಲೆ ಸಾಲ ಪಡೆದು ತೀರಿಸದಿದ್ದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ಪಡೆಯಬಹುದು. ಆಗ ಭೋಗ್ಯದ ಹಣಕ್ಕಾಗಿ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ.

ಆದ್ದರಿಂದ ಮೊದಲು ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಹಾಗಾಗಿ ಮೂಲ ಕ್ರಯಪತ್ರವನ್ನೂ ತೋರಿಸುವಂತೆ ಕೇಳಿ. ಅದು ಬ್ಯಾಂಕಿನಲ್ಲಿದೆ ಎಂದರೆ ಸಾಲವಿದೆ ಎಂದೇ ತಿಳಿಯಿರಿ. ಮಾಲೀಕರಿಂದ ಮನೆಯನ್ನು ಬಾಡಿಗೆಗೆ ಪಡೆದು, ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಹಣದೊಂದಿಗೆ ಕಾಣೆಯಾಗುವ ಮಧ್ಯವರ್ತಿಗಳೂ ಇದ್ದಾರೆ. ಕರಾರು ಮಾಲೀಕರ ಜೊತೆಗೇ ಆಗಲಿ.

1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಬಾಡಿಗೆ ಕರಾರುಗಳೆಲ್ಲ 11 ತಿಂಗಳಿಗೇ ನಿಲ್ಲುವ ಗುಟ್ಟು ಇದೇ. ಮೂರು ವರ್ಷದ ಭೋಗ್ಯವನ್ನು ಬರೀ ಛಾಪಾ ಕಾಗದದಲ್ಲಿ ಬರೆಸಿ ಸುಮ್ಮನಾದರೆ, ನ್ಯಾಯಾಲಯದಲ್ಲಿ ಆ ಪತ್ರಕ್ಕೆ ಬಲವಿರದು.

ನೀರು, ದೀಪ

ಇನ್ನು ಮನೆಯ ಮಾತು. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಕೊಳವೆಬಾವಿ ಇದೆಯೇ, ಟ್ಯಾಂಕರ್ ಹಣ ಯಾರದು ಎಂದು ಕೇಳಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರ ಪರದಾಡಿತ್ತು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದ್ದವು. ನೆಲಮಹಡಿಯ ಮನೆಯಾದರೆ ಮಳೆಯಲ್ಲಿ ನೀರು ನುಗ್ಗಿತ್ತೇ ಎಂದು ನೆರೆಯವರಲ್ಲಿ ವಿಚಾರಿಸಿ. ಪ್ರತ್ಯೇಕ ವಿದ್ಯುತ್ ಮೀಟರ್ ಇರಲಿ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ ಬಾಡಿಗೆದಾರರಿಗೂ ಅವಕಾಶ ಕೊಡಲಾಯಿತು.

ಬೀಗದ ಕೈ ಪಡೆದ ದಿನವೇ ಒಡೆದ ಗಾಜು, ಸೋರುವ ನಲ್ಲಿ, ಗೋಡೆಯ ಕಲೆಗಳ ಫೋಟೊ ತೆಗೆದು ಮಾಲೀಕರಿಗೆ ಕಳಿಸಿಬಿಡಿ. ಮುಂದೆ ಮುಂಗಡದಲ್ಲಿ ಕಡಿತದ ಜಗಳ ಬಂದರೆ ಅದೇ ಸಾಕ್ಷಿ. ಪತ್ರ ತೋರಿಸಿ ಎಂದರೆ ಮುನಿಸಿಕೊಳ್ಳುವವರ ಮನೆ ಎಷ್ಟೇ ಚೆನ್ನಾಗಿರಲಿ, ಇನ್ನೊಂದು ಬೀದಿ ಅಲೆಯುವುದೇ ಲೇಸು.