ಖಾತೆಯ ದುಡ್ಡಿಗೆ ಕತ್ತರಿ ಬಿತ್ತೇ?

ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಲೆಂದು ಕೂಡಿಟ್ಟಿದ್ದ ರೊಕ್ಕ ತೆಗೆಯಲು ಮುನವಳ್ಳಿಯ ಎಟಿಎಂಗೆ ಹೋಗಿದ್ದೆ. ನೋಡಿದರೆ ಮುನ್ನೂರು ಚಿಲ್ಲರೆ ಕಡಿಮೆ! 'ನಾ ತೆಗದೇ ಇಲ್ಲ, ಎಲ್ಲಿ ಹೋತ್ರೀ?' ಎಂದು ಬ್ಯಾಂಕಿನಲ್ಲಿ ಕೇಳಿದರೆ, ಕನಿಷ್ಠ ಬ್ಯಾಲೆನ್ಸ್ ಇಡದ್ದಕ್ಕೆ ದಂಡವಂತೆ. ಸೂಚನೆಯ ಮೆಸೇಜ್ ಯಜಮಾನರ ಹಳೆಯ ನಂಬರಿಗೆ ಹೋಗಿತ್ತು!

ನಿಮಗೂ ಹೀಗಾಗಿದೆಯೇ? ಸುಮ್ಮನೆ ಕೂರಬೇಡಿ.

* ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಯಾವ ದಿನ, ಯಾತಕ್ಕೆ ಕಡಿತವಾಗಿದೆ ನೋಡಿ. ಖಾತೆಯಲ್ಲಿ ಹಣವಿಲ್ಲದಾಗ ಎಟಿಎಂನಲ್ಲಿ ಹಣ ತೆಗೆಯಲು ಹೋಗಿ ವಿಫಲವಾದದ್ದಕ್ಕೂ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ.

* 2015ರ ಏಪ್ರಿಲ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಮೊದಲು ತಿಳಿಸಿ, ಒಂದು ತಿಂಗಳು ಅವಕಾಶ ಕೊಟ್ಟೇ ದಂಡ ಹಾಕಬೇಕು. ಬರೀ ಈ ದಂಡದಿಂದ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದು.

* ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡ ತೆಗೆದವು. ನಿಮ್ಮ ಬ್ಯಾಂಕಿನ ನಿಯಮ ಕೇಳಿಕೊಳ್ಳಿ.

* ಕನಿಷ್ಠ ಬ್ಯಾಲೆನ್ಸ್ ಬೇಡದ 'ಮೂಲಭೂತ ಉಳಿತಾಯ ಖಾತೆ'ಗೆ ಬದಲಾಯಿಸಲು ಅರ್ಜಿ ಕೊಡಿ. ಎಟಿಎಂ ಕಾರ್ಡೂ ಉಚಿತ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ.

* ತಪ್ಪು ಕಡಿತವಾಗಿದ್ದರೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ನೀಡಬಹುದು, ಮಾಹಿತಿಗೆ 14448.

ನನ್ನ ಹೋದ ರೊಕ್ಕ ಬರಲಿಲ್ಲ. ಆದರೆ ಖಾತೆ ಬದಲಾಯಿಸಿದೆ, ನನ್ನದೇ ನಂಬರ್ ಕೊಟ್ಟೆ. ಗೃಹಲಕ್ಷ್ಮಿ ದುಡ್ಡು ಬರುವ ಖಾತೆಗೆ ಯಾರ ನಂಬರ್ ಇದೆ? ಇವತ್ತೇ ನೋಡಿಬಿಡ್ರಿ!